ಮಧ್ಯಾಹ್ನ 12:18, ಟೆರೇಸ್ ಮೇಲೆ

ಇಂಟರ್ನೆಟ್‌ನಲ್ಲಿ ಒಂದು ಒಳ್ಳೆ ವಿಜ್ಞಾನದ ಸುದ್ದಿ ಕಣ್ಣಿಗೆ ಬಿದ್ದರೆ ನನಗೆ ಸುಮ್ನೆ ಇರೋಕೆ ಆಗಲ್ಲ. ನಾಲ್ಕು ಜನಕ್ಕೆ ಹೇಳಿದರೇನೇ ಸಮಾಧಾನ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು ಅದಕ್ಕೆ ಸರಿಯಾದ ಜಾಗ ಅಲ್ಲ ಅಂತ ಗೊತ್ತು. ಆದರೂ ಹಾಕುತ್ತೇನೆ.

2024ರ ಏಪ್ರಿಲ್. ಬೆಂಗಳೂರಿಗೆ ಮಳೆಯ ಸುಳಿವೇ ಇಲ್ಲ. ಗ್ರೂಪಿನ ತುಂಬಾ ನೀರಿನ ಟ್ಯಾಂಕರ್ ಬಂತಾ ಇಲ್ವಾ ಅನ್ನೋದೇ ಮಾತು. ಅದರ ನಡುವೆ ನಾನು ವಾಯೇಜರ್ 1ರ ಕಥೆ ಹಾಕಿದೆ. ನಾಸಾದವರು 1977ರಲ್ಲಿ ಹಾರಿಸಿದ ಬಾಹ್ಯಾಕಾಶ ನೌಕೆ. 2023ರ ನವೆಂಬರ್‌ನಿಂದ ಏನೇನೋ ಅರ್ಥವಿಲ್ಲದ ಸಂಕೇತ ಕಳಿಸುತ್ತಿತ್ತು. ಒಂದು ಮೆಮೊರಿ ಚಿಪ್ ಕೆಟ್ಟಿದೆ ಅಂತ ಇಲ್ಲಿಂದಲೇ ಪತ್ತೆ ಹಚ್ಚಿದರು. ಅದರಲ್ಲಿದ್ದ ಪ್ರೋಗ್ರಾಮನ್ನು ತುಂಡು ತುಂಡು ಮಾಡಿ ಬೇರೆ ಮೆಮೊರಿಗೆ ಸಾಗಿಸಿದರು. ನೌಕೆ ಆಗ ಇದ್ದದ್ದು 2400 ಕೋಟಿ ಕಿಲೋಮೀಟರ್ ದೂರದಲ್ಲಿ. ಇಲ್ಲಿಂದ ಒಂದು ಮಾತು ಹೇಳಿದರೆ ಅಲ್ಲಿಗೆ ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತಷ್ಟೇ ಹೊತ್ತು. ಕೊನೆಗೂ ಅದು ಸರಿಯಾಗಿ ಮಾತಾಡಿತು.

ಎರಡನೇ ಮಹಡಿಯ ಅಂಕಲ್ ಉತ್ತರ ಕೊಟ್ಟರು. "ನನ್ನ ಫೋನಿಗೆ ಲಿಫ್ಟ್ ಒಳಗೆ ಸಿಗ್ನಲ್ ಬರಲ್ಲ, ಅದಕ್ಕೇನಾದ್ರೂ ಮಾಡಿಸಿ." ಅಷ್ಟೇ. ಮಂಗಳ ಗ್ರಹದ ಕಿರಣ ಬರುತ್ತೆ, ರಾತ್ರಿ ಮೊಬೈಲ್ ಆಫ್ ಮಾಡಿ ಅನ್ನೋ ಹಳೇ ಸುಳ್ಳು ಫಾರ್ವರ್ಡ್ ಬಂದಾಗ ಮಾತ್ರ ಇದೇ ಗ್ರೂಪಿನಲ್ಲಿ ಕೈ ಮುಗಿಯುವ ಚಿಹ್ನೆಗಳ ಸಾಲು ಇರುತ್ತೆ. ನನಗೆ ಅನ್ನಿಸೋದು ಇಷ್ಟು: ಎರಡನ್ನೂ ಯಾರೂ ಪರೀಕ್ಷೆ ಮಾಡಿ ನೋಡೋಕೆ ಆಗಲ್ಲ. ಹಾಗಾಗಿ ಭಯ ಹುಟ್ಟಿಸೋದು ಗೆಲ್ಲುತ್ತೆ.

ಅದಕ್ಕೇ 23ನೇ ತಾರೀಕು ರಾತ್ರಿ ಬೇರೆ ಥರದ್ದು ಹಾಕಿದೆ. "ನಾಳೆ ಮಧ್ಯಾಹ್ನ 12:18ಕ್ಕೆ ಬೆಂಗಳೂರಿನಲ್ಲಿ ನೆಟ್ಟಗೆ ನಿಂತ ವಸ್ತುಗಳ ನೆರಳು ಕಾಣಲ್ಲ. ಟೆರೇಸಿಗೆ ಬನ್ನಿ."

ಐದು ನಿಮಿಷದಲ್ಲಿ ಕೆಳಗಿನ ಮನೆ ಮೇಷ್ಟ್ರು ಫೋನ್ ಮಾಡಿದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. "ಸೂರ್ಯ ನೆತ್ತಿ ಮೇಲೆ ಬರೋದು ಹನ್ನೆರಡಕ್ಕಲ್ವೇನಪ್ಪ? ಹದಿನೆಂಟು ನಿಮಿಷ ಎಲ್ಲಿಂದ ಬಂತು?"

ನಮ್ಮ ಗಡಿಯಾರ ನಡೆಯೋದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದು ಹೋಗುತ್ತೆ. ಬೆಂಗಳೂರು ಇರೋದು 77.6ರಲ್ಲಿ, ಸುಮಾರು ಐದು ಡಿಗ್ರಿ ಪಶ್ಚಿಮಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹೀಗೆ ಹತ್ತಿರ ಹತ್ತಿರ ಇಪ್ಪತ್ತು ನಿಮಿಷ ತಡ. ಏಪ್ರಿಲ್ ಕೊನೆಯಲ್ಲಿ ಸೂರ್ಯ ಗಡಿಯಾರಕ್ಕಿಂತ ಎರಡು ನಿಮಿಷ ಮುಂದಿರುತ್ತಾನೆ, ಅದನ್ನು ಕಳೆದರೆ 12:18. ಮೇಷ್ಟ್ರು "ಹ್ಞೂಂ" ಅಂದರು. ಒಪ್ಪಿದ ಹ್ಞೂಂ ಅಲ್ಲ, ನಾಳೆ ನೋಡ್ತೀನಿ ಅನ್ನೋ ಹ್ಞೂಂ.

ಮಾರನೇ ದಿನ ಬುಧವಾರ. ನನಗೆ ಮನೆಯಿಂದಲೇ ಕೆಲಸ, ಮಕ್ಕಳಿಗೆ ಬೇಸಿಗೆ ರಜೆ. ಹನ್ನೆರಡಕ್ಕೆ ಟೆರೇಸಿಗೆ ಹೋದರೆ ಮೇಷ್ಟ್ರು ಆಗಲೇ ಬಂದಿದ್ದಾರೆ, ಕೈಯಲ್ಲಿ ಗಾರೆ ಕೆಲಸದವರ ರಸಮಟ್ಟ. ಮೂರನೇ ಮಹಡಿಯ ಆಂಟಿ ಹಳೇ ಸೀರೆ ಹಾಸಿ ಸಂಡಿಗೆ ಒಣಗಿಸಿದ್ದರು. ಅದನ್ನು ದಾಟಿ ಯಾರೂ ಓಡಾಡಬಾರದು ಅಂತ ಮಕ್ಕಳಿಗೆ ತಾಕೀತು. ನೆಲ ಎಷ್ಟು ಕಾದಿತ್ತು ಅಂದರೆ ಚಪ್ಪಲಿ ಬಿಟ್ಟು ಬಂದ ಹುಡುಗನೊಬ್ಬ ಕುಣಿದುಕೊಂಡೇ ವಾಪಸ್ ಓಡಿದ.

ಮಕ್ಕಳು ಸ್ಟೀಲ್ ಚೊಂಬು, ನೀರಿನ ಬಾಟಲಿ ಎಲ್ಲ ನೆಲದ ಮೇಲೆ ಸಾಲಾಗಿ ಇಟ್ಟಿದ್ದರು. ಮೇಷ್ಟ್ರು ಎಲ್ಲವನ್ನೂ ಎತ್ತಿಸಿದರು. ಟೆರೇಸಿನ ನೆಲ ಮಟ್ಟವಾಗಿರಲ್ಲ, ಮಳೆ ನೀರು ಹರಿದು ಹೋಗಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ಚೊಂಬು ಪೂರ್ವಕ್ಕೋ ಪಶ್ಚಿಮಕ್ಕೋ ಒಂದು ಡಿಗ್ರಿ ವಾಲಿದರೂ ಲೆಕ್ಕ ನಾಲ್ಕು ನಿಮಿಷ ತಪ್ಪಿದಂತೆ. ನನಗೆ ಇದು ಹೊಳೆದೇ ಇರಲಿಲ್ಲ, ಓದಿದ ಕಡೆಯೂ ಇರಲಿಲ್ಲ. ಕೇರಂ ಬೋರ್ಡ್ ತರಿಸಿ, ಕೆಳಗೆ ರಟ್ಟಿನ ಚೂರು ಕೊಟ್ಟು, ರಸಮಟ್ಟದ ಗುಳ್ಳೆ ನಡುವೆ ಬಂದು ನಿಲ್ಲೋವರೆಗೂ ಅವರು ಬಿಡಲಿಲ್ಲ. ಅದರ ಮೇಲೆ ಚೊಂಬು. ಬಟ್ಟೆ ಒಣಹಾಕುವ ತಂತಿಗೆ ದಾರ ಕಟ್ಟಿ ಒಂದು ಪಿವಿಸಿ ಪೈಪ್ ತುಂಡನ್ನೂ ತೂಗುಹಾಕಿದರು. ತೂಗಿದ್ದು ತಾನೇ ನೆಟ್ಟಗಿರುತ್ತೆ, ಅಲ್ವಾ?

12:10ಕ್ಕೆ ಪೈಪಿನ ನೆರಳು ಪಶ್ಚಿಮಕ್ಕೆ ಸ್ವಲ್ಪ ಚಾಚಿತ್ತು. ಆಮೇಲೆ ನೋಡ್ತಾ ನೋಡ್ತಾ ಕುಗ್ಗಿತು. 12:16ಕ್ಕೆ ಮೊಟ್ಟೆಯ ಆಕಾರ. 12:18ಕ್ಕೆ ನೆಲದ ಮೇಲೆ ಉಳಿದದ್ದು ಬಳೆಯಂಥ ಒಂದು ಸಣ್ಣ ಉಂಗುರ, ಅದರೊಳಗೆ ದುಂಡಗಿನ ಬೆಳಕು. ಅಂಚು ಮಾತ್ರ ಮಸುಕು. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ, ಅದಕ್ಕೇ ಹಾಗೆ. ಚೊಂಬಿನ ಸುತ್ತ ಎಲ್ಲೂ ನೆರಳಿಲ್ಲ. ಆಂಟಿಯ ಮೊಮ್ಮಗಳು ತನ್ನ ನೆರಳು ಎಲ್ಲಿ ಅಂತ ಸುತ್ತ ಹುಡುಕಿ, ಎಗರಿ ನೋಡಿದಳು. ಕಾಲ ಕೆಳಗೇ ಇತ್ತು.

ದೆಹಲಿಯವರಿಗೆ ಈ ಭಾಗ್ಯ ಯಾವತ್ತೂ ಇಲ್ಲ. ಸೂರ್ಯ ಉತ್ತರಕ್ಕೆ ಇಪ್ಪತ್ಮೂರೂವರೆ ಡಿಗ್ರಿ ದಾಟಲ್ಲ, ದೆಹಲಿ ಇರೋದು ಇಪ್ಪತ್ತೆಂಟರಾಚೆ. ನಮಗೆ ವರ್ಷಕ್ಕೆ ಎರಡು ಸಲ.

ಮಂಗಳೂರಿನ ನನ್ನ ಚಿಕ್ಕಮ್ಮನಿಗೂ ಮೊದಲೇ ಹೇಳಿದ್ದೆ. ಮಂಗಳೂರೂ ಬೆಂಗಳೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶ, ಹಾಗಾಗಿ ಒಂದೇ ದಿನ. ಆದರೆ ಪಶ್ಚಿಮಕ್ಕಿರೋದರಿಂದ ತಡವಾಗಿ. ವಿಡಿಯೋ ಕಾಲ್‌ನಲ್ಲಿ ಅಂಗಳದ ಕಲ್ಲಿನ ಮೇಲೆ ಲೋಟ ಇಟ್ಟುಕೊಂಡು ಕೂತಿದ್ದರು. "ಈಗ ಹೋಯ್ತು ನೋಡು ಮಾರಾಯ!" ಅಂದಾಗ ಗಂಟೆ 12:30.

ಮೇಷ್ಟ್ರು ರಟ್ಟಿನ ಮೇಲೆ ಭೂಮಿಯ ಸುತ್ತಳತೆ ಲೆಕ್ಕ ಹಾಕಲು ಕೂತರು. ವ್ಯತ್ಯಾಸ 12 ನಿಮಿಷ. ದಿನಕ್ಕೆ 1440 ನಿಮಿಷ, ಅಷ್ಟರಲ್ಲಿ ಭೂಮಿ ಒಂದು ಸುತ್ತು, ಅಂದರೆ 12 ನಿಮಿಷ ಆ ಸುತ್ತಿನ 120 ಪಾಲಿನಲ್ಲಿ ಒಂದು ಪಾಲು. ಎರಡೂ ಊರಿನ ನಡುವೆ ನೇರ ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್. ಗುಣಿಸಿದರೆ 36,000. ನಮ್ಮ ಅಕ್ಷಾಂಶದಲ್ಲಿ ಭೂಮಿಯ ನಿಜವಾದ ಸುತ್ತಳತೆ ಸುಮಾರು 39,000. ಕೇರಂ ಬೋರ್ಡು, ಲೋಟ ಇಟ್ಟುಕೊಂಡು ಇಷ್ಟು ಹತ್ತಿರ! ಗ್ರೀಕ್ ವಿದ್ವಾಂಸ ಎರಾಟೊಸ್ತನೀಸ್ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಇದಕ್ಕೇ ನೆರಳನ್ನೇ ಅಳೆದಿದ್ದ, ಆದರೆ ಅವನದು ಗಡಿಯಾರ ಬೇಕಿಲ್ಲದ ದಾರಿ. ಈಜಿಪ್ಟಿನ ಸಿಯೇನ್‌ನಲ್ಲಿ ನೆರಳಿಲ್ಲದ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿ ನೆರಳಿನ ಕೋನ ಸುತ್ತಿನ ಐವತ್ತನೇ ಒಂದು ಭಾಗ, ಆ ಕೋನ, ಎರಡೂ ಊರಿನ ನಡುವಿನ ದೂರ, ಅಷ್ಟು ಸಾಕಾಗಿತ್ತು. ಇದನ್ನು ನಾನು ಹೇಳುತ್ತಿದ್ದರೆ ಮೇಷ್ಟ್ರ ಗಮನ ಪೂರ್ತಿ ಚಿಕ್ಕಮ್ಮನ ಕಲ್ಲಿನ ಮೇಲೆ. "ಒಂದು ನಿಮಿಷ ಆಚೀಚೆ ಆದ್ರೆ ಮೂರು ಸಾವಿರ ಕಿಲೋಮೀಟರ್ ಹೋಗುತ್ತೆ. ಆ ಕಲ್ಲು ಮಟ್ಟ ಇತ್ತಾ, ಕೇಳು."

ಅವತ್ತು ಸಂಜೆ ಗ್ರೂಪಿನಲ್ಲಿ ಟ್ಯಾಂಕರ್ ಮಾತು ಕಡಿಮೆ, ಉಂಗುರದ ಫೋಟೋ ಜಾಸ್ತಿ. ಆಂಟಿ ಅದನ್ನು ಹುಬ್ಬಳ್ಳಿಯ ತಮ್ಮನಿಗೆ ಕಳಿಸಿದರಂತೆ. "ನಮ್ಮಲ್ಲಿ ಯಾವಾಗ ಐತ್ರೀ?" ಅಂತ ಅವರು ನನಗೇ ಫೋನ್ ಮಾಡಿದರು. ಸೂರ್ಯ ದಿನಕ್ಕೆ ಡಿಗ್ರಿಯ ಮೂರನೇ ಒಂದು ಭಾಗ ಉತ್ತರಕ್ಕೆ ಸರಿಯುವ ಸಮಯ ಅದು. ಹುಬ್ಬಳ್ಳಿ ಮುಟ್ಟೋಕೆ ಒಂದು ವಾರ, ಮೇ 2ರ ಆಸುಪಾಸು ಅಂದೆ.

ಮೇ 2ಕ್ಕೆ ಫೋಟೋ ಬಂತು. ಕಾರಿನ ಬಾನೆಟ್ ಮೇಲೆ ಚೊಂಬು. ರಸಮಟ್ಟ ಇಟ್ಟಿದ್ರಾ ಅಂತ ಮೇಷ್ಟ್ರು ಕೇಳಿಸಿದ್ದಾರೆ. ಹುಬ್ಬಳ್ಳಿಯಿಂದ ಉತ್ತರ ಬಂದಿಲ್ಲ.