ಚುಕ್ಕೆ ಇದ್ದದ್ದನ್ನು ಉಳಿಸಿದೆ, ಗೆರೆ ಇದ್ದದ್ದನ್ನು ಕೊಂದೆ

ಎಳ್ಳ ಅಮಾವಾಸ್ಯೆಯ ಮರುದಿನ ಬೆಳಗ್ಗೆ ಎದ್ದು ನೋಡಿದರೆ ಅಡುಗೆಮನೆ ಕಿಟಕಿ ತುಂಬ ಕೆಂಪು ಹುಳುಗಳು. ಒಂದೆರಡಲ್ಲ. ಗಾಜಿನ ಮೇಲೆ ಎಣಿಸಿದ್ದೇ ಇಪ್ಪತ್ತಮೂರು, ಟ್ಯೂಬ್‌ಲೈಟ್ ಪಟ್ಟಿಯ ಹತ್ತಿರ ಇನ್ನೂ ನಾಲ್ಕೈದು ಇದ್ದವು. ಅವ್ವ ಕಸಬರಿಗೆ ಹಿಡಿದು ನಿಂತಿದ್ದಳು. "ಏನ್ ಹುಳನಬೇ ಇವು, ರಾತ್ರಿ ಇರಲಿಲ್ಲಲ್ಲ" ಅಂದಳು.

ಹಿಂದಿನ ದಿನ ಯಲಬುರ್ಗಾ ಕಡೆ ಇರುವ ಕಾಕಾನ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಕೊಪ್ಪಳಕ್ಕೆ ವಾಪಸ್ ಬರುವಾಗ ಕಾಕಾ ಯಾರನ್ನೂ ಬರಿಗೈಲಿ ಕಳಿಸುವವರಲ್ಲ. ಒಂದು ಚೀಲ ಬದನೆಕಾಯಿ, ಅದರಲ್ಲಿ ಎಲೆ, ಕುಡಿ ಎಲ್ಲ ಸೇರಿಕೊಂಡಿತ್ತು. ತಡವಾಗಿ ಬಿತ್ತಿದ ಕುಸುಬೆಯ ಎಳೆ ಸೊಪ್ಪು ಪಲ್ಯಕ್ಕೆ. ಎದುರು ಮನೆಯ ಆಕಳಿಗೆ ಅಂತ ಒಂದು ಹೊರೆ ಹಸಿ ಜೋಳದ ದಂಟು. ಸುಸ್ತಾಗಿತ್ತು, ಎಲ್ಲವನ್ನೂ ಅಡುಗೆಮನೆ ಮೂಲೆಯಲ್ಲಿ ಇಟ್ಟು ಮಲಗಿಬಿಟ್ಟೆವು.

ಅದೇ ಹೊತ್ತಿಗೆ ಅಕ್ಕ ವಿಡಿಯೊ ಕಾಲ್ ಮಾಡಿದಳು. ಅವಳು ಇರುವುದು ಅಮೆರಿಕದ ಒಹಾಯೊದಲ್ಲಿ. ಕಿಟಕಿ ಕಡೆ ಫೋನ್ ತಿರುಗಿಸಿದ್ದೇ ತಡ, "ಅಯ್ಯೋ, ಅವನ್ನ ಒಳಗೆ ಬಿಟ್ಕೋಬೇಡ" ಅಂತ ಗಾಬರಿಯಾದಳು. ಅವಳ ಮನೆಗೆ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ, ಚಳಿ ಶುರುವಾಗುವ ಮೊದಲು, ಇಂಥವೇ ಹುಳುಗಳು ನೂರಾರು ಬರುತ್ತವಂತೆ. ಬಿಸಿಲು ಬೀಳುವ ಗೋಡೆ ಹಿಡಿದು, ಕಿಟಕಿ ಸಂದಿಯಿಂದ ನುಗ್ಗಿ, ಚಳಿಗಾಲ ಪೂರ್ತಿ ಒಳಗೇ ಕೂರುತ್ತವೆ. ಒರೆಸಲು ಹೋದರೆ ಹಳದಿ ನೀರು ಬಿಡುತ್ತವೆ, ಗೋಡೆ ಕಲೆ ಆಗುತ್ತದೆ, ವಾಸನೆ ಬೇರೆ. ಅವಳು ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆದು ಹೊರಗೆ ಹಾಕುತ್ತಾಳೆ.

ಅವಳು ಹೇಳಿದ್ದು ಸುಳ್ಳಲ್ಲ. ಅದು ಏಷ್ಯನ್ ಲೇಡಿ ಬೀಟಲ್, ಹಾರ್ಮೋನಿಯಾ ಆಕ್ಸಿರಿಡಿಸ್. ಅದರ ಊರು ಚೀನಾ, ಜಪಾನ್, ಕೊರಿಯಾ ಕಡೆ. ಬೆಳೆಯ ರಸ ಹೀರುವ ಹೇನು ತಿನ್ನಲಿ ಅಂತ 1916ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿಟ್ಟರು, ಆಮೇಲೂ ಹಲವು ಸಲ ಬಿಟ್ಟರು, 1988ರಲ್ಲಿ ಲೂಸಿಯಾನಾದಲ್ಲಿ ಅದು ನೆಲೆಯೂರಿದ್ದು ಕಂಡಿತು. ತನ್ನ ಊರಲ್ಲಿ ಬಂಡೆಗಳ ಸಂದಿಯಲ್ಲಿ ಚಳಿ ಕಳೆಯುವ ಹುಳು ಅದು. ಅಮೆರಿಕದಲ್ಲಿ ಅದಕ್ಕೆ ಮನೆಗಳೇ ಬಂಡೆ ಆದವು. ಅಲ್ಲಿನ ಹಳೆಯ ಜಾತಿಗಳ ಊಟಕ್ಕೂ ಕೈ ಹಾಕಿತು, ಅವುಗಳ ಮೊಟ್ಟೆ ಮರಿಗಳನ್ನೂ ತಿಂದಿತು.

ಆದರೆ ಇದನ್ನೆಲ್ಲ ನಾನು ಓದಿಕೊಂಡಿದ್ದು ಆಮೇಲೆ. ಆ ಬೆಳಗ್ಗೆ ನನ್ನ ತಲೆಯಲ್ಲಿ ಇದ್ದದ್ದು ಎರಡೇ. ಒಂದು ಅಕ್ಕನ ಗಾಬರಿ. ಇನ್ನೊಂದು ಮಕ್ಕಳ ಪುಸ್ತಕದಲ್ಲಿ ನೋಡಿದ ಲೇಡಿಬಗ್ ಚಿತ್ರ: ಗುಂಡಗೆ ಕೆಂಪು ಬೆನ್ನು, ಅದರ ಮೇಲೆ ಕಪ್ಪು ಚುಕ್ಕೆಗಳು. ಕಿಟಕಿಯಲ್ಲಿದ್ದ ಹುಳುಗಳಲ್ಲಿ ಜಾಸ್ತಿ ಪಾಲಿಗೆ ಚುಕ್ಕೆಯೇ ಇರಲಿಲ್ಲ. ಬೆನ್ನ ಮೇಲೆ ಅಂಕುಡೊಂಕು ಕಪ್ಪು ಗೆರೆ. ಮೂರು ಹುಳು ಮಾತ್ರ ಬೇರೆ ಥರ, ಸ್ವಲ್ಪ ದೊಡ್ಡವು, ಮೈ ತುಂಬ ಚುಕ್ಕೆ. ಸರಿ, ಚುಕ್ಕೆ ಇರುವವು ನಿಜವಾದ ಲೇಡಿಬಗ್, ಗೆರೆ ಇರುವವು ಅಕ್ಕ ಹೇಳಿದ ಹೊರಗಿನವು ಅಂತ ತೀರ್ಮಾನ ಮಾಡಿದೆ. ಜಿರಳೆಗೆ ಹೊಡೆಯುವ ಸ್ಪ್ರೇ ತಂದು ಗಾಜಿನ ಮೇಲೆ ಹೊಡೆದೆ. ಪಟಪಟ ಅಂತ ಉದುರಿದವು, ಬೆನ್ನ ಮೇಲೆ ಬಿದ್ದು ಕಾಲಾಡಿಸಿದವು. ಅವ್ವ ಗುಡಿಸಿ ಎತ್ತಿದಳು. ಚುಕ್ಕೆಯ ಮೂರನ್ನು ಮಾತ್ರ ಮೊದಲೇ ಕಾಗದದ ಮೇಲೆ ಹತ್ತಿಸಿಕೊಂಡು, ಜೋಪಾನವಾಗಿ ಮಾಳಿಗೆಗೆ ಒಯ್ದು, ಕುಂಡದಲ್ಲಿದ್ದ ನನ್ನ ಬದನೆ ಗಿಡದ ಮೇಲೆ ಬಿಟ್ಟು ಬಂದೆ. ಗಿಡ ಕಾಯಲಿ ಅಂತ.

ಗವಿಮಠದ ಜಾತ್ರೆ ಬಂತು. ಊರವರು ದಾಸೋಹಕ್ಕೆ ರೊಟ್ಟಿ ತರುವ ಟ್ರ್ಯಾಕ್ಟರ್‌ನಲ್ಲೇ ಕಾಕಾ ಬಂದರು, ತೇರು ಎಳೆಯುವ ಹಿಂದಿನ ದಿನ. ಚಹಾ ಕುಡಿದು ಮಾಳಿಗೆ ಮೇಲೆ ಬಂದವರು ನನ್ನ ಬದನೆ ಗಿಡದ ಮುಂದೆ ನಿಂತುಬಿಟ್ಟರು. ಎಲೆಗಳು ಜರಡಿ ಆಗಿದ್ದವು. ಹಸಿರು ಭಾಗವನ್ನು ಕೆರೆದು ತಿಂದು ನರ ಮಾತ್ರ ಬಿಟ್ಟಿದ್ದವು, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತಿತ್ತು. ನಾನು ನೀರು ಕಡಿಮೆ ಆಗಿದೆ ಅಂದುಕೊಂಡು ದಿನಾ ಒಂದು ಚೊಂಬು ಜಾಸ್ತಿ ಹಾಕುತ್ತಿದ್ದೆ. ಕಾಕಾ ಎಲೆ ಮಗುಚಿದರು. ಕೆಳಗೆ ಹಳದಿ ಮರಿಗಳು, ಮೈ ತುಂಬ ಕವಲು ಕವಲಾದ ಮುಳ್ಳು. ಪಕ್ಕದ ಎಲೆಯಲ್ಲಿ ನಾನು ಬಿಟ್ಟ ಚುಕ್ಕೆ ಹುಳು.

"ಇದನ್ನ ಯಾರು ತಂದ್ರಬೇ ಇಲ್ಲಿ?"

ನಾನೇ ತಂದೆ ಕಾಕಾ, ಲೇಡಿಬಗ್ ಅಲ್ವಾ ಅಂದೆ.

ಅವರು ಬೈಯಲಿಲ್ಲ. ಹುಳುವನ್ನು ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಓರೆಯಾಗಿ ಹಿಡಿದರು. "ನೋಡು, ಮಿಂಚತೈತೇನ?" ಮಿಂಚುತ್ತಿರಲಿಲ್ಲ. ಮಾಸಿದ ತಾಮ್ರದ ಬಣ್ಣ. ಫೋನಿನ ಕ್ಯಾಮೆರಾ ಹತ್ತಿರ ಒಯ್ದು ದೊಡ್ಡದು ಮಾಡಿದಾಗ ಗೊತ್ತಾಯಿತು, ಬೆನ್ನ ತುಂಬ ಸಣ್ಣ ಸಣ್ಣ ಕೂದಲು, ಪೀಚ್ ಹಣ್ಣಿನ ಸಿಪ್ಪೆಯ ಮೇಲೆ ಇರುತ್ತದಲ್ಲ ಹಾಗೆ. ಚುಕ್ಕೆ ಎಣಿಸಿದೆವು. ಒಂದು ಕಡೆ ಹದಿನಾಲ್ಕು, ಇನ್ನೊಂದು ಕಡೆ ಹದಿನಾಲ್ಕು. ಇದಕ್ಕೆ ಇಪ್ಪತ್ತೆಂಟು ಚುಕ್ಕೆಯ ಹುಳು ಅಂತಲೇ ಹೆಸರು, ಎಪಿಲಾಕ್ನಾ ಜೀರುಂಡೆ. ಗುಲಗಂಜಿ ಹುಳುವಿನ, ಅಂದರೆ ಲೇಡಿಬಗ್‌ನ, ಮನೆತನದ್ದೇ, ಆದರೆ ಇದು ಹೇನು ತಿನ್ನುವುದಿಲ್ಲ. ಬದನೆ, ಆಲೂಗಡ್ಡೆ, ಟೊಮೆಟೊ ಎಲೆ ತಿನ್ನುತ್ತದೆ. ಇದೂ ಹೊರಗಿನಿಂದ ಬಂದದ್ದಲ್ಲ, ನಮ್ಮದೇ.

ಹಾಗಾದರೆ ಗೆರೆ ಇದ್ದವು? ಕಾಕಾಗೆ ಕೇಳುವ ಮೊದಲೇ ಹೊಟ್ಟೆಯಲ್ಲಿ ಕಸಿವಿಸಿ ಶುರುವಾಗಿತ್ತು. ಫೋನಿನಲ್ಲಿದ್ದ ಫೋಟೊ ತೋರಿಸಿದೆ. "ಅಯ್ಯ, ಇವು ನಮ್ಮ ಗುಲಗಂಜಿ ಹುಳ. ಜ್ವಾಳದಾಗ ಹೇನು ಬಿದ್ದಾಗ ಇವು ಬಂದ್ರ ನಾ ಎಣ್ಣಿನ ಹೊಡೆಯೋದಿಲ್ಲ" ಅಂದರು. ಎಣ್ಣೆ ಅಂದರೆ ನಮ್ಮ ಕಡೆ ಕ್ರಿಮಿನಾಶಕ. ನಾನು ಗಾಜಿನ ಮೇಲೆ ಹೊಡೆದದ್ದೂ ಅದನ್ನೇ ಅಲ್ವಾ. ತುಂಬಾ ಬೇಜಾರಾಯಿತು, ಈಗ ಬರೆಯುವಾಗಲೂ ಆಗುತ್ತಿದೆ.

ಆ ಗೆರೆಯ ಹುಳುವಿನ ಹೆಸರು ಕೀಲೋಮಿನಿಸ್ ಸೆಕ್ಸ್‌ಮ್ಯಾಕುಲೇಟಾ. ಹೆಸರಲ್ಲಿ ಆರು ಮಚ್ಚೆ ಅಂತ ಇದ್ದರೂ ಬೆನ್ನ ಮೇಲೆ ಕಾಣುವುದು ಅಂಕುಡೊಂಕು ಗೆರೆ. ನಮ್ಮ ದೇಶದ ಹೊಲಗಳಲ್ಲಿ ತುಂಬಾ ಸಿಗುವ ಗುಲಗಂಜಿ ಹುಳು ಇದು. ಫೋಟೊದಲ್ಲಿ ಇನ್ನೊಂದು ಜಾತಿಯೂ ಇತ್ತು, ಕಿತ್ತಳೆ ಬಣ್ಣ, ಮೇಲೆ ದಪ್ಪ ಕಪ್ಪು ಪಟ್ಟೆ. ಅದು ಕಾಕ್ಸಿನೆಲ್ಲಾ ಟ್ರಾನ್ಸ್‌ವರ್ಸಾಲಿಸ್, ಅದೂ ನಮ್ಮದು, ಅದೂ ಹೇನು ತಿನ್ನುವುದು. ಎರಡೂ ಕುಸುಬೆ ಮತ್ತು ಜೋಳದ ಹೇನಿನ ಹಿಂದೆ ಇದ್ದವು, ಸೊಪ್ಪಿನ ಜೊತೆ ಮನೆಗೆ ಬಂದವು, ಬೆಳಗಾದಾಗ ಬೆಳಕು ಕಂಡ ಕಡೆ ಹೋಗಿ ಗಾಜಿಗೆ ಸಿಕ್ಕಿಬಿದ್ದವು. ಒಳಗೆ ಇರಲು ಬಂದವಲ್ಲ, ಹೊರಗೆ ಹೋಗಲು ದಾರಿ ಹುಡುಕುತ್ತಿದ್ದವು. ಕಿಟಕಿ ತೆಗೆದಿದ್ದರೆ ಸಾಕಿತ್ತು.

ರಾತ್ರಿ ಅಕ್ಕನ ಜೊತೆ ಮತ್ತೆ ಮಾತಾಡಿದೆ. ಅವಳ ಮನೆಯ ಒಂದು ಹುಳುವಿನ ಫೋಟೊ ಕಳಿಸು ಅಂದೆ. ಜನವರಿಯಲ್ಲೂ ಅವಳ ಪರದೆ ಮಡಿಕೆಯಲ್ಲಿ ಸಿಕ್ಕಿತು. ತಲೆ ಹಿಂದಿನ ಬಿಳಿ ಭಾಗದಲ್ಲಿ ಕಪ್ಪು ಬಣ್ಣದ ಇಂಗ್ಲಿಷ್ 'ಎಂ' ಅಕ್ಷರ ಚೆನ್ನಾಗಿ ಕಾಣುತ್ತಿತ್ತು, ಅಲ್ಲಿ ಅದನ್ನು ಗುರುತಿಸುವುದೇ ಅದರಿಂದ. ಬೆನ್ನಿನ ಬಣ್ಣ, ಚುಕ್ಕೆ ನಂಬಬಾರದು, ಚುಕ್ಕೆಯೇ ಇಲ್ಲದವೂ ಇವೆ, ಹತ್ತೊಂಬತ್ತು ಇರುವವೂ ಇವೆ. ಇಷ್ಟೇ ಅಲ್ಲ, ಉತ್ತರ ಭಾರತದ ಸಾಸಿವೆ ಹೊಲಗಳಲ್ಲಿ ಸಹಜವಾಗಿ ಇರುವ ಏಳು ಚುಕ್ಕೆಯ ಹುಳು ಅಕ್ಕನ ಊರಲ್ಲಿ ಹೊರಗಿನದು. ಇಲ್ಲಿ ಆಸ್ಟ್ರೇಲಿಯಾದಿಂದ 1898ರಲ್ಲಿ ತಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ಇಂದಿಗೂ ದ್ರಾಕ್ಷಿಯ ಹಿಟ್ಟು ತಿಗಣೆ ತಿಂದು ಬೆಳೆಗಾರರಿಗೆ ಉಪಕಾರ ಮಾಡುತ್ತಿದೆ. ಅದರ ಮರಿ ಹಿಟ್ಟು ತಿಗಣೆಯ ಥರವೇ ಬೆಳ್ಳಗಿರುತ್ತದೆ, ಗೊತ್ತಿಲ್ಲದವರು ಅದನ್ನೂ ಹೊಸಕಿ ಹಾಕುತ್ತಾರೆ. ಅಕ್ಕ ತನ್ನ ಊರಿನ ಮಾತು ಹೇಳಿದ್ದಳು. ಅದನ್ನು ಕೊಪ್ಪಳದ ಕಿಟಕಿಗೆ ತಂದು ಅಂಟಿಸಿದ್ದು ನಾನು.

ಬದನೆ ಗಿಡದ ಮರಿಗಳನ್ನೆಲ್ಲ ಎಲೆ ಸಮೇತ ಚಿವುಟಿ ಸಾಬೂನು ನೀರಿನ ಬಕೆಟ್‌ಗೆ ಹಾಕಿದೆವು. ಎಲೆ ಕೆಳಗೆ ನೆಟ್ಟಗೆ ನಿಲ್ಲಿಸಿದಂಥ ಹಳದಿ ಮೊಟ್ಟೆಗಳೂ ಇದ್ದವು. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು, ಒಳ್ಳೆಯ ಗುಲಗಂಜಿ ಹುಳುವಿನ ಮೊಟ್ಟೆಯೂ ಹೆಚ್ಚು ಕಡಿಮೆ ಹೀಗೇ. ಸುತ್ತ ಹೇನು ಇದ್ದರೆ ನಾನು ಈಗ ಮುಟ್ಟುವುದಿಲ್ಲ. ಮರಿ ಹೊರಬಂದ ಮೇಲೆ ಅನುಮಾನವೇ ಇರುವುದಿಲ್ಲ: ಕೆಟ್ಟದ್ದು ಹಳದಿ, ಮುಳ್ಳು ಮುಳ್ಳು. ಹೇನು ತಿನ್ನುವ ಒಳ್ಳೆಯದು ಉದ್ದಕ್ಕೆ, ಕಪ್ಪಗೆ, ಮೈ ಮೇಲೆ ಹಳದಿ ಮಚ್ಚೆ, ಪುಟ್ಟ ಮೊಸಳೆ ಥರ ಓಡಾಡುತ್ತದೆ.

ಮೊನ್ನೆ ಕಾಕಾ ಮತ್ತೆ ಕುಸುಬಿ ಸೊಪ್ಪು ಕಳಿಸಿದ್ದರು. ಅವ್ವ ಒಳಗೆ ತರಲಿಲ್ಲ, ಅಂಗಳದಲ್ಲೇ ಕೊಡವಿದಳು. ಎರಡು ಹುಳು ಬಿದ್ದವು. ಒಂದು ನನ್ನ ಬೆರಳು ಹತ್ತಿ ಹಳದಿ ಹನಿ ಬಿಟ್ಟಿತು, ಹಸಿ ವಾಸನೆ, ತೊಳೆದರೆ ಹೋಯಿತು. ಅದನ್ನು ಕಾಂಪೌಂಡ್ ಪಕ್ಕದ ಅವರೆ ಬಳ್ಳಿಗೆ ಬಿಟ್ಟೆ, ಅಲ್ಲಿ ಕುಡಿ ತುಂಬ ಕಪ್ಪು ಹೇನು. ಸ್ವಲ್ಪ ಹೊತ್ತು ಸುಮ್ನೆ ಕೂತಿತ್ತು. ಆಮೇಲೆ ಮೇಲೇರಿ, ಮೊದಲು ಸಿಕ್ಕ ಹೇನನ್ನು ಬಾಯಲ್ಲಿ ಹಿಡಿಯಿತು. ಅವ್ವ ಕಸಬರಿಗೆ ಗೋಡೆಗೆ ಒರಗಿಸಿ ನನ್ನ ಪಕ್ಕ ಬಂದು ಬಗ್ಗಿ ನೋಡಿದಳು. "ಇದರ ಬೆನ್ನು ಮಿಂಚತೈತಿ" ಅಂದಳು.