ತೂತಿರುವ ಚಿಪ್ಪೆಲ್ಲ ಸರದ ಮಣಿಯಾ?

ಆದಿಮಾನವರ ಬಗ್ಗೆ ಎಲ್ಲಿ ಮಾತಾಡಿದರೂ ಕೊನೆಗೆ ಯಾರಾದರೊಬ್ಬರು ಎದ್ದು ನಿಂತು ಇದನ್ನೇ ಕೇಳುತ್ತಾರೆ. "ಸರ್, ಕಡಲ ದಂಡೆಯಲ್ಲಿ ತೂತಾದ ಚಿಪ್ಪುಗಳು ಬೇಕಾದಷ್ಟು ಬಿದ್ದಿರುತ್ತವೆ. ಗುಹೆಯಲ್ಲಿ ಅಂಥವು ನಾಲ್ಕು ಸಿಕ್ಕ ಕೂಡಲೇ ಸರ ಹಾಕ್ಕೊಂಡಿದ್ರು ಅಂತೀರಲ್ಲ, ಹೇಗೆ?"

ಪ್ರಶ್ನೆ ಸರಿಯಾಗಿಯೇ ಇದೆ. ಮಲ್ಪೆಯಲ್ಲೋ ಗೋಕರ್ಣದಲ್ಲೋ ಸುಮ್ನೆ ಒಂದು ಸುತ್ತು ನಡೆದು ಬಂದರೂ ತೂತಿನ ಚಿಪ್ಪು ಕೈಗೆ ಸಿಗುತ್ತದೆ. ಅದನ್ನು ಯಾರೂ ಕೂತು ಕೊರೆದಿರುವುದಿಲ್ಲ. ಬೇರೆ ಚಿಪ್ಪುಗಳನ್ನು ಕೊರೆದು ಒಳಗಿನ ಮಾಂಸ ತಿನ್ನುವ ಬಸವನಹುಳುಗಳು ಕಡಲಲ್ಲೇ ಇವೆ. ಅಲೆಗೆ ಸಿಕ್ಕಿ, ಮರಳಿಗೆ ಉಜ್ಜಿ ತೂತಾಗುವುದೂ ಉಂಟು. ಹಾಗಾಗಿ ಬರೀ ತೂತು ನೋಡಿ ಏನೂ ಹೇಳಲು ಆಗುವುದಿಲ್ಲ. ಹುಡುಕಬೇಕಾದ್ದು ದಾರವನ್ನು.

ದಾರ ಎಲ್ಲಿರುತ್ತದೆ, ಅದು ಎಂದೋ ಕೊಳೆತು ಮಣ್ಣಾಗಿರುತ್ತದೆ ಅಲ್ವಾ? ಹೌದು. ಆದರೆ ಅದು ಉಜ್ಜಿದ ಗುರುತು ಹೋಗುವುದಿಲ್ಲ. ನಮ್ಮಜ್ಜಿಯ ಹವಳದ ಸರವನ್ನು ಮತ್ತೆ ಪೋಣಿಸಲು ಬಿಚ್ಚಿದ ದಿನ ನಾನಿದನ್ನು ಕಣ್ಣಾರೆ ಕಂಡೆ. ದುಂಡಗಿರಬೇಕಾದ ತೂತು ಒಂದು ಕಡೆ ಸವೆದು ಉದ್ದವಾಗಿತ್ತು. ಪಕ್ಕದ ಹವಳಕ್ಕೆ ತಾಗುವ ಜಾಗ ಚಪ್ಪಟೆಯಾಗಿ, ಕೈಗೆ ನುಣುಪಾಗಿ ಸಿಗುತ್ತಿತ್ತು. ತಟ್ಟೆಯಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದರೂ ಅವು ವರ್ಷಗಟ್ಟಲೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು ಅಂತ ಯಾರು ಬೇಕಾದರೂ ಹೇಳಬಹುದಿತ್ತು.

ದಕ್ಷಿಣ ಆಫ್ರಿಕಾದ ತೆಂಕಣ ಕರಾವಳಿಯ ಬ್ಲಾಂಬೋಸ್ ಗುಹೆಯಲ್ಲೂ ಇದೇ ಸವೆತ ಸಿಕ್ಕಿತು. ಪುರಾತತ್ತ್ವಜ್ಞ ಕ್ರಿಸ್ಟೋಫರ್ ಹೆನ್‌ಶಿಲ್‌ವುಡ್ ಮತ್ತು ಸಂಗಡಿಗರು 2004ರಲ್ಲಿ ಅಲ್ಲಿನ 41 ಚಿಪ್ಪುಗಳ ಬಗ್ಗೆ ಬರೆದರು. ಸುಮಾರು 75,000 ವರ್ಷ ಹಳೆಯವು. ಪುಟ್ಟ ಬಸವನಹುಳುವಿನ ಚಿಪ್ಪುಗಳು, ಬೆರಳಿನ ಉಗುರಿನ ಮೇಲೆ ಕೂರುವಷ್ಟು. ಒಳಗಿನ ಮಾಂಸ ತಿಂದು ಹೊಟ್ಟೆ ತುಂಬುವ ಮಾತೇ ಇಲ್ಲ. ಈ ಹುಳು ಬದುಕುವುದು ನದಿ ಕಡಲು ಸೇರುವ ಅಳಿವೆಯಲ್ಲಿ. ಗುಹೆಯಿಂದ ಅಂಥ ಜಾಗಕ್ಕೆ ಸುಮಾರು 20 ಕಿ.ಮೀ. ದೂರ. ಅಂದರೆ ಯಾರೋ ಹೋಗಿ ಆರಿಸಿ ತಂದಿದ್ದಾರೆ. ತೂತುಗಳೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿವೆ. ಮೂಳೆಯ ಚೂಪು ತುದಿಯನ್ನು ಚಿಪ್ಪಿನ ಬಾಯಿಯೊಳಗಿಂದ ತೂರಿಸಿ ಒತ್ತಿದರೆ ಇಂಥದ್ದೇ ತೂತಾಗುತ್ತದೆ ಅಂತ ಪ್ರಯೋಗ ಮಾಡಿ ನೋಡಿದ್ದಾರೆ. ಕೆಲವು ಚಿಪ್ಪುಗಳಿಗೆ ಕೆಮ್ಮಣ್ಣೂ ಮೆತ್ತಿಕೊಂಡಿತ್ತು.

ಉತ್ತರ ಆಫ್ರಿಕಾದಲ್ಲೂ ಇದೇ ಕಥೆ. ಮೊರಾಕ್ಕೊದ ತಾಫೊರಾಲ್ಟ್ ಗುಹೆಯಲ್ಲಿ 82,000 ವರ್ಷ ಹಳೆಯವು ಸಿಕ್ಕಿದ್ದು 2007ರಲ್ಲಿ ಸುದ್ದಿಯಾಯಿತು. ಸಮುದ್ರ ಅಲ್ಲಿಂದ ಸುಮಾರು 40 ಕಿ.ಮೀ. 2021ರಲ್ಲಿ ಅದೇ ದೇಶದ ಬಿಜ್ಮೂನ್ ಗುಹೆಯಿಂದ ಇನ್ನೂ 33 ಬಂದವು, ಅವುಗಳಿಗೆ 1,42,000 ವರ್ಷಕ್ಕೂ ಜಾಸ್ತಿ.

ಆದರೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಇಸ್ರೇಲಿನದು. ನಜರೆತ್ ಹತ್ತಿರದ ಕಾಫ್ಜೆ ಗುಹೆಯಲ್ಲಿ ಸುಮಾರು 1,20,000 ವರ್ಷ ಹಳೆಯ ಎರಡು ಹೋಳಿನ ಜಾತಿಯ ಚಿಪ್ಪುಗಳಿವೆ. ಅವುಗಳ ತೂತು ತಾನಾಗಿಯೇ ಆದದ್ದು, ಮನುಷ್ಯರು ಮಾಡಿದ್ದಲ್ಲ. ಪ್ರಶ್ನೆ ಕೇಳಿದವರು ಇಲ್ಲಿ ಗೆದ್ದೆ ಅಂದುಕೊಳ್ಳಬಹುದು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೂತಿನ ಅಂಚಿನಲ್ಲಿ ದಾರ ಉಜ್ಜಿದ ಸವೆತವಿದೆ. ತೂತು ಕಡಲಿನದು, ಸರ ಮನುಷ್ಯರದು. ಕಾರ್ಮೆಲ್ ಬೆಟ್ಟದ ಮಿಸ್ಲಿಯಾ ಗುಹೆಯಲ್ಲಿ ಇದಕ್ಕಿಂತ ಹಳೆಯ ಚಿಪ್ಪುಗಳಿವೆ, ಕಡಿಮೆಯೆಂದರೂ 1,60,000 ವರ್ಷ ಹಿಂದಿನವು. ಅವುಗಳಲ್ಲಿ ತೂತೇ ಇಲ್ಲ. ಮೊದಲು ಚೆಂದ ಕಂಡ ಚಿಪ್ಪನ್ನು ಸುಮ್ನೆ ಎತ್ತಿ ತಂದರು, ಆಮೇಲೆ ತೂತಿದ್ದುದನ್ನೇ ಆರಿಸತೊಡಗಿದರು. ಈ ಎರಡರ ನಡುವೆ ಎಲ್ಲೋ ದಾರ ಬಂತು ಅನ್ನುವುದು ಅಲ್ಲಿ ಕೆಲಸ ಮಾಡಿದ ವಿಜ್ಞಾನಿಗಳ ವಾದ. ನನಗೂ ಒಪ್ಪಿಗೆಯಾಗುತ್ತದೆ.

"ಸರಿ, ಸರ ಹಾಕ್ಕೊಂಡರು. ಅದರಲ್ಲೇನು ದೊಡ್ಡ ವಿಷಯ?" ಇದು ಅದರ ಬೆನ್ನಿಗೇ ಬರುವ ಪ್ರಶ್ನೆ.

ಕರಿಮಣಿ ಸರ ಯಾರಿಗೆ ಬೇಕು ಯೋಚಿಸಿ. ಮನೆಯವರಿಗೆ ಅದನ್ನು ನೋಡಿ ತಿಳಿಯಬೇಕಾದ್ದು ಏನೂ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರು ಅದನ್ನು ನೋಡಿ, ಒಂದು ಮಾತೂ ಕೇಳದೆ, ಮದುವೆಯಾಗಿದೆ ಅಂದುಕೊಳ್ಳುತ್ತಾರೆ. ಎಲ್ಲಮ್ಮನ ಜೋಗತಿಯ ಕೊರಳಿನ ಕವಡೆ ಸರವೂ ಅಷ್ಟೇ, ದೂರದಿಂದಲೇ ಗೊತ್ತಾಗುತ್ತದೆ. ಆದರೆ ಇದು ನಡೆಯಬೇಕಾದರೆ ಹಾಕಿಕೊಂಡವರಿಗೂ ನೋಡುವವರಿಗೂ ಆ ಮಣಿಯ ಅರ್ಥ ಮೊದಲೇ ಗೊತ್ತಿರಬೇಕು. ಸಂಕೇತ ಅನ್ನುವ ಭಾರದ ಮಾತಿಗೆ ಇಷ್ಟೇ ಅರ್ಥ. ಕಲ್ಲಿನ ಕೊಡಲಿ ಒಬ್ಬನೇ ಕಾಡಿನಲ್ಲಿದ್ದರೂ ಕೆಲಸಕ್ಕೆ ಬರುತ್ತದೆ. ಸರಕ್ಕೆ ನೋಡುವ ಕಣ್ಣು ಬೇಕು. (ಸರ ಸಿಕ್ಕ ಕೂಡಲೇ ದೇವರು, ಪೂಜೆ, ಮಂತ್ರ ಅಂತ ಓಡುವವರ ಜೊತೆ ನಾನಿಲ್ಲ. ಅಷ್ಟು ದೂರ ಹೋಗಲು ಚಿಪ್ಪು ದಾರಿ ಕೊಡುವುದಿಲ್ಲ.)

ಬ್ಲಾಂಬೋಸಿನ ವಿಜ್ಞಾನಿಗಳು ಅಲ್ಲಿಗೇ ನಿಲ್ಲಿಸಲಿಲ್ಲ. 2013ರಲ್ಲಿ ಸವೆತದ ಗುರುತುಗಳನ್ನು ಮತ್ತೆ ನೋಡಿ, ಚಿಪ್ಪನ್ನು ಹೇಗೆ ಪೋಣಿಸಿದ್ದರು ಅಂತಲೇ ಕಂಡುಹಿಡಿದರು. 24 ಚಿಪ್ಪುಗಳು ಒಂದೇ ಕಡೆ ಒಟ್ಟಿಗೆ ಸಿಕ್ಕಿದ್ದವು, ಬಹುಶಃ ಒಂದೇ ಸರದವು. ಕೆಳಗಿನ ಹಳೇ ಪದರಗಳ ಚಿಪ್ಪುಗಳು ದಾರದಲ್ಲಿ ಸಡಿಲವಾಗಿ ನೇತಾಡುತ್ತಿದ್ದವು, ಹೊಳೆಯುವ ಚಪ್ಪಟೆ ಮೈ ಒಂದಕ್ಕೊಂದು ತಾಗುವಂತೆ. ಮೇಲಿನ ಪದರಗಳಿಗೆ ಬಂದರೆ ಎರಡೆರಡು ಚಿಪ್ಪು ಸೇರಿಸಿ ಗಂಟು ಹಾಕಿದ್ದಾರೆ. ಚಿಪ್ಪು ಅದೇ, ಗುಹೆ ಅದೇ, ಫ್ಯಾಶನ್ ಮಾತ್ರ ಬೇರೆ.

ನಮ್ಮ ಕಾಲದಲ್ಲಿ ಹೀಗೆ ಪೋಣಿಸ್ತಿರಲಿಲ್ಲಪ್ಪ ಅಂತ ಯಾವುದೋ ಅಜ್ಜಿ ಆ ಗುಹೆಯಲ್ಲಿ ಗೊಣಗಿರಲೇಬೇಕು.