888 ಫಾರ್ಮು: ಓನರ್ ಆಂಟಿ ಪಾಸು, ದೊಡ್ಡಪ್ಪ ಇನ್ನೂ ಸೀಲಿನ ಬೆನ್ನುಹತ್ತಿದ್ದಾರೆ

ಮದುವೆ ನೋಂದಣಿ, ಫೋಟೊ, ಜಂಟಿ ಖಾತೆಯ ಸ್ಟೇಟ್‌ಮೆಂಟು, ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟು) ಇವುಗಳ ಪುರಾಣ ಬೇಡ. ಆಸ್ಟ್ರೇಲಿಯಾದ 309, ಅಂದರೆ ಅಲ್ಲಿರುವ ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳುವ ವೀಸಾ, ಹಾಕುತ್ತಿರುವವರಿಗೆಲ್ಲ ಅದು ಬಾಯಿಪಾಠ. ನನ್ನ ಜೀವ ತಿಂದದ್ದು 888 ಒಂದೇ, ಬೇರೆಯವರ ಕೈಲಿ ಬರೆಸುವ ಸಾಕ್ಷಿ ಫಾರ್ಮು. ಕನಿಷ್ಠ ಇಬ್ಬರು, 18 ತುಂಬಿದವರು, ನಮ್ಮನ್ನು ಬಲ್ಲವರು, ‘ಇವರ ಸಂಸಾರ ನಿಜವಾದದ್ದು’ ಅಂತ ಕಾರಣ ಕೊಟ್ಟು ಬರೆಯಬೇಕು. ತುಮಕೂರಿನಲ್ಲಿ ನಮ್ಮ ಮದುವೆ ಊಟ ಉಂಡವರಿಗೇನು ಬರವೆ? ಬರ ಇರುವುದು ಕಾರಣಕ್ಕೆ.

ಮೊದಲು ದೊಡ್ಡಪ್ಪ. ನಿವೃತ್ತ ಹೆಡ್‌ಮಾಸ್ಟರು. “ಸದರಿ ದಂಪತಿಗಳು ಸದ್ಗುಣಿಗಳಾಗಿದ್ದು, ಅನ್ಯೋನ್ಯವಾಗಿ ಬಾಳುತ್ತಿದ್ದಾರೆಂದು ಈ ಮೂಲಕ ದೃಢೀಕರಿಸಲಾಗಿದೆ.” ಟಿ.ಸಿ. ಜೊತೆ ಕೊಡುವ ನಡತೆ ಪ್ರಮಾಣಪತ್ರ ಇದು. ಇದನ್ನಿಟ್ಟುಕೊಂಡು ನನ್ನ ಗಂಡ ಎಂಟನೇ ಕ್ಲಾಸಿಗೆ ಸೇರಬಹುದು, ನಾನು ಮೆಲ್ಬರ್ನ್ ಸೇರುವುದು ಕಷ್ಟ.

ಅತ್ತಿಗೆ ತನ್ನದನ್ನು ಟೈಪಿಂಗ್ ಸೆಂಟರಿಗೆ ಕೊಟ್ಟಳು. ಆತನಿಗೆ ಎಲ್ಲ ದೇಶದ ಎಲ್ಲ ವೀಸಾಗೂ ಒಂದೇ ಪ್ಯಾರಾ. ಇ-ಸ್ಟ್ಯಾಂಪ್ ಪೇಪರ್ ಮೇಲೇ ಹೊಡೆಯಬೇಕು ಅಂತ ಹಟ ಬೇರೆ, 888ಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ದುಡ್ಡು ಕೊಟ್ಟು ತಂದು ಓದಿದರೆ ಮೂರನೇ ಸಾಲಿನಲ್ಲಿ ಯಾರದೋ ಗಂಡನ ಹೆಸರು! ಇದನ್ನು ಕೇಳಿ ಚಿಕ್ಕಪ್ಪ, “ಅದೆಲ್ಲ ಯಾಕೆ, ಎಮ್ಮೆಲ್ಲೆ ಲೆಟರ್‌ಹೆಡ್‌ನಲ್ಲೇ ಮಾಡಿಸಿಬಿಡೋಣ” ಅಂದರು. ನಾವಿಬ್ಬರೂ ಯಾರು ಅಂತಲೇ ಎಮ್ಮೆಲ್ಲೆಗೆ ಗೊತ್ತಿಲ್ಲ.

ಆಸ್ಟ್ರೇಲಿಯಾದ 1994ರ ವಲಸೆ ನಿಯಮಾವಳಿಯ 1.15ಎ ನಿಯಮ ತೂಗುವುದು ನಾಲ್ಕನ್ನು: ಹಣಕಾಸು, ಮನೆವಾರ್ತೆ, ನಾಲ್ಕು ಜನರೆದುರು ಗಂಡ-ಹೆಂಡತಿಯಾಗಿ ನಡೆಯುವ ರೀತಿ, ಪರಸ್ಪರ ಬದ್ಧತೆ. ಇದರಲ್ಲಿ ಸದ್ಗುಣ ಎಲ್ಲೂ ಇಲ್ಲ. ಕಣ್ಣಾರೆ ಕಂಡದ್ದು ಬೇಕು. ನಮ್ಮವರೋ, ಪೆನ್ನು ಹಿಡಿದ ಕೂಡಲೇ ಕಂಡದ್ದನ್ನೆಲ್ಲ ಮರೆತು ಹೊಗಳೋಕೆ ಕೂತುಬಿಡುತ್ತಾರೆ.

ಹಾಗಾಗಿ ಪೆನ್ನನ್ನೇ ಕಿತ್ತುಕೊಂಡೆ. ಬಟವಾಡಿಯ ನಮ್ಮ ಓನರ್ ಆಂಟಿ ಅವರೆಕಾಯಿ ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಕೂತು, ಕೇಳಿ ಒಪ್ಪಿಸಿ, ಫೋನ್ ರೆಕಾರ್ಡರ್ ಆನ್ ಮಾಡಿದೆ. “ನಮ್ಮಿಬ್ಬರ ವಿಷಯದಲ್ಲಿ ನಿಮಗೆ ಏನು ತೊಂದರೆ ಆಗಿದೆ ಹೇಳಿ” ಅಂದೆ. ಅಷ್ಟೇ ಸಾಕಾಯಿತು. ರಜಕ್ಕೆ ಬಂದಾಗ ಇವರು ಟ್ಯಾಂಕ್ ವಾಲ್ವ್ ರಿಪೇರಿ ಮಾಡಿ ಅಂಗಳವೆಲ್ಲ ಕೆಸರು ಮಾಡಿದ್ದು ಬಂತು. ಆಮೇಲೆ ಇದು: “ದಿನಾ ರಾತ್ರಿ ಹತ್ತಕ್ಕೆ ಬಾಲ್ಕನಿಯಲ್ಲಿ ನಿನ್ನ ಫೋನ್ ಶುರು. ಹೋಗ್ಲಿ ಅಂದ್ಕೊಂಡ್ರೆ ಯುಗಾದಿ ಕಳೆದ ಮೇಲೆ ಹನ್ನೊಂದಕ್ಕೆ ಶುರು ಮಾಡಿದ್ಯಲ್ಲೇ, ನಂಗೆ ನಿದ್ದೆ ಬರಬೇಡ್ವಾ?”

ನಾನು ಎದ್ದು ಕುಣಿಯುವುದೊಂದು ಬಾಕಿ. ಮೆಲ್ಬರ್ನ್‌ನಲ್ಲಿ ನನ್ನ ಗಂಡನದು ರಾತ್ರಿ ಪಾಳಿ, ಬೆಳಗಿನ ಜಾವ ಮೂರೂವರೆಗೆ ಬ್ರೇಕ್. ಅಲ್ಲಿನ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಟ್ಟಿರುವಾಗ (ಡೇಲೈಟ್ ಸೇವಿಂಗ್) ಮೆಲ್ಬರ್ನ್ ನಮಗಿಂತ ಐದೂವರೆ ಗಂಟೆ ಮುಂದೆ, ಅಂದರೆ ಆಗ ಇಲ್ಲಿ ಹತ್ತು. ಏಪ್ರಿಲ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅದೇ ಮೂರೂವರೆ ಇಲ್ಲಿ ಹನ್ನೊಂದಾಗುತ್ತದೆ. ಡೇಲೈಟ್ ಸೇವಿಂಗ್ ಅನ್ನುವುದು ಆಂಟಿಯ ಕಿವಿಗೇ ಬಿದ್ದಿಲ್ಲ, ಆದರೂ ಅದಕ್ಕೆ ಸರಿಯಾಗಿ ಸಾಕ್ಷಿ ನುಡಿದರು. ಪಾಳಿ ಪಟ್ಟಿ, ಕಾಲ್ ಲಾಗ್, ಆಂಟಿಯ ಗೊಣಗಾಟ ಮೂರೂ ಒಂದಕ್ಕೊಂದು ತಾಳೆಯಾಗುತ್ತವೆ. ಅಕ್ಟೋಬರ್ ಮೊದಲ ಭಾನುವಾರ ಕಳೆದು ಫೋನ್ ಮತ್ತೆ ಹತ್ತಕ್ಕೆ ಬಂದದ್ದೂ ಅವರ ನೆನಪಿನಲ್ಲಿದೆ, “ದಸರಾ ಹೊತ್ತಿಗೆ ದೇವರು ಕಣ್ಬಿಟ್ಟ” ಅಂತ.

ಅವರು ಹೇಳಿದಂತೆಯೇ ಬರೆದು, ಓದಿ ಹೇಳಿ, ಸಹಿ ಹಾಕಿಸಿದೆ. ಬೈಗುಳವನ್ನೂ ತೆಗೆದಿಲ್ಲ. ಅನುವಾದ ಭಾರತದಲ್ಲೇ ಮಾಡಿಸಿದರೆ ಆಸ್ಟ್ರೇಲಿಯಾದ ಅನುವಾದಕರ ಸಂಸ್ಥೆ ನ್ಯಾಟಿಯ ಮಾನ್ಯತೆ ಬೇಕಿಲ್ಲ. ಅನುವಾದಕರ ಪೂರ್ತಿ ಹೆಸರು, ವಿಳಾಸ, ಫೋನ್, ವಿದ್ಯಾರ್ಹತೆ, ಭಾಷೆಯ ಅನುಭವ ಕೆಳಗೆ ಬರೆದಿದ್ದರಾಯಿತು. ಪರಿಚಯದ ಇಂಗ್ಲಿಷ್ ಲೆಕ್ಚರರ್ ಮಾಡಿಕೊಟ್ಟರು, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಲಂಚಕ್ಕೆ.

ಅಂದಹಾಗೆ ಮುಂದಿನ ಪ್ರಾಜೆಕ್ಟ್ ಸೂಟ್‌ಕೇಸ್. ಆಸ್ಟ್ರೇಲಿಯಾದಲ್ಲಿ ಇಳಿಯುವಾಗ ತಿನ್ನುವ ಪದಾರ್ಥ, ಬೀಜ, ಗಿಡದ ಚೂರು ಏನಿದ್ದರೂ ಘೋಷಿಸಬೇಕು. ಅಮ್ಮ ಈಗಾಗಲೇ ಹುಳಿಪುಡಿ, ತಿಪಟೂರು ಕೊಬ್ಬರಿ, ಹಿತ್ತಲಿನ ಅವರೆ ಬೀಜ ಎತ್ತಿಟ್ಟಿದ್ದಾರೆ. ಆ ಪಟ್ಟಿ ಬರೆಯಲು ಇನ್ನೊಂದು ಸ್ಪ್ರೆಡ್‌ಶೀಟ್ ಬೇಕು. ವೀಸಾನೇ ಬಂದಿಲ್ಲ, ಇರಲಿ.

ಇದೇ ಉಪಾಯವನ್ನು ದೊಡ್ಡಪ್ಪನ ಮೇಲೂ ಪ್ರಯೋಗಿಸಿದೆ. ಗುಬ್ಬಿ ಹತ್ತಿರದ ತೋಟದ ಮೋಟಾರ್ ಸುಟ್ಟಾಗ ಇವರು ಅಲ್ಲಿಂದ ಜಂಟಿ ಖಾತೆಗೆ ದುಡ್ಡು ಹಾಕಿದ್ದು, ನಾನು ರಿವೈಂಡಿಂಗ್‌ನವನಿಗೆ ಕೊಟ್ಟು ಬಂದದ್ದು, ಎಲ್ಲ ಬಂತು. ಸ್ಟೇಟ್‌ಮೆಂಟಿನಲ್ಲಿ ಆ ಎರಡೂ ಎಂಟ್ರಿ ಇವೆ! “ಇದನ್ನೇ ಬರೀರಿ ದೊಡ್ಡಪ್ಪ” ಅಂದೆ. “ಮೋಟಾರ್ ಸುಟ್ಟಿದ್ದನ್ನೆಲ್ಲ ಸರ್ಕಾರಕ್ಕೆ ಬರೀತಾರೇನಮ್ಮ?” ಅಂದರು. ಜಗ್ಗಾಡಿ ಒಪ್ಪಿಸಿದ್ದೇನೆ, ಒಂದು ಷರತ್ತಿನ ಮೇಲೆ: ಸಹಿಯ ಕೆಳಗೆ ‘ನಿವೃತ್ತ ಮುಖ್ಯೋಪಾಧ್ಯಾಯರು’ ಅಂತ ರಬ್ಬರ್ ಸೀಲ್ ಬೀಳಬೇಕು. ಹಳೆಯ ಸೀಲಿನಲ್ಲಿ ‘ನಿವೃತ್ತ’ ಇಲ್ಲವಂತೆ. ಹೊಸದಕ್ಕೆ ಆರ್ಡರ್ ಕೊಟ್ಟಿದ್ದಾರೆ, ಅಂಗಡಿಯವನು “ನಾಳೆ ಬನ್ನಿ” ಅನ್ನುತ್ತಲೇ ಇದ್ದಾನೆ.